ಅಂಡೀಸ್ ಬೆಟ್ಟದ ಕೆವುನ್ಯಾ ಕಾಡು: ಊರಿನವರೇ ಮತ್ತೆ ಬೆಳೆಸುತ್ತಿದ್ದಾರೆ, ಹಕ್ಕಿಗಳು ವಾಪಸ್ ಬರುತ್ತವಾ?

ಮುಗಿಲುಹಕ್ಕಿ

ಗೆಳೆಯರೇ, ಕೆಲವು ತಿಂಗಳಿಂದ ಒಂದೇ ಮರದ ಬಗ್ಗೆ ಓದುತ್ತಿದ್ದೇನೆ. ತಲೆಯಿಂದ ಹೋಗುತ್ತಲೇ ಇಲ್ಲ. ನಿಮ್ಮ ಜೊತೆ ಮಾತಾಡೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ.

ದಕ್ಷಿಣ ಅಮೆರಿಕದ ಅಂಡೀಸ್ ಬೆಟ್ಟಗಳಲ್ಲಿ ಪಾಲಿಲೆಪಿಸ್ ಎಂಬ ಮರಗಳಿವೆ. ಗುಲಾಬಿಯ ಕುಟುಂಬದವು. ಅಲ್ಲಿನ ಕೆಚುವಾ ಜನ ಕೆವುನ್ಯಾ ಅನ್ನುತ್ತಾರೆ. ಸೊಟ್ಟ ಕಾಂಡ, ಪುಟ್ಟ ಎಲೆ. ಕೆಂಪು ಬಣ್ಣದ ತೊಗಟೆ ತೆಳು ಕಾಗದದ ಹಾಗೆ ಪದರ ಪದರವಾಗಿ ಸುಲಿದು ನೇತಾಡುತ್ತದೆ. ಚಳಿಯಲ್ಲಿ ಆ ಪದರಗಳೇ ಮರಕ್ಕೆ ಕಂಬಳಿ. ಬೇರೆ ಮರಗಳು ಬದುಕಲಾರದ ಎತ್ತರದಲ್ಲಿ ಇವು ಕಾಡು ಕಟ್ಟುತ್ತವೆ. ಬೊಲಿವಿಯಾದ ಸಾಹಾಮಾ ಬೆಟ್ಟದಲ್ಲಂತೂ 5,000 ಮೀಟರ್ ದಾಟಿದ ಮೇಲೂ ಈ ಮರ ಸಿಗುತ್ತದೆ. ಅದನ್ನು ಉಳಿಸಲೆಂದೇ 1939ರಷ್ಟು ಹಿಂದೆಯೇ ಆ ಜಾಗಕ್ಕೆ ರಕ್ಷಣೆ ಕೊಟ್ಟರು.

ಈಗ ಈ ಕಾಡು ಚೂರು ಚೂರಾಗಿ ಉಳಿದಿದೆ. ಕಡಿದಾದ ಕಣಿವೆ, ಬಂಡೆಗಳ ಸಂದು, ಕುರಿ ಹತ್ತಲಾರದ ಜಾಗಗಳಲ್ಲಿ ಮಾತ್ರ. ಉಳಿದ ಕಡೆ ಸೌದೆಗೆ, ಇದ್ದಿಲಿಗೆ ಹೋಯಿತು. ಹುಲ್ಲು ಚಿಗುರಲಿ ಅಂತ ಹಚ್ಚಿದ ಬೆಂಕಿಗೂ ಹೋಯಿತು.

ಪೆರುವಿನ ಕುಸ್ಕೋದಲ್ಲಿ ಕಾನ್‌ಸ್ಟಂಟೀನೋ ಔಕ್ಕಾ ಚುತಾಸ್ ಎಂಬ ಜೀವಶಾಸ್ತ್ರಜ್ಞ ಇದ್ದಾರೆ. ಕೆಚುವಾ ರೈತ ಮನೆತನದವರು. 2000ದಲ್ಲಿ ಎಕೋಆನ್ ಎಂಬ ಸಂಸ್ಥೆ ಶುರು ಮಾಡಿ, ವಿಲ್ಕನೋಟಾ ಬೆಟ್ಟಸಾಲಿನ ಊರುಗಳ ಜೊತೆ ಕೆವುನ್ಯಾ ನೆಡಲು ಇಳಿದರು. 2018ರಲ್ಲಿ ಅದೇ ಕೆಲಸ ಆಕ್ಸಿಯೋನ್ ಆಂದೀನಾ ಎಂಬ ಹೆಸರಲ್ಲಿ ದೊಡ್ಡದಾಯಿತು. ಬೊಲಿವಿಯಾ, ಈಕ್ವೆಡಾರ್, ಚಿಲಿ, ಅರ್ಜೆಂಟೀನಾಕ್ಕೂ ಹಬ್ಬಿತು. 2022ರಲ್ಲಿ ಔಕ್ಕಾ ಅವರಿಗೆ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು. ಮರುವರ್ಷ ಆಕ್ಸಿಯೋನ್ ಆಂದೀನಾಗೆ ಅರ್ಥ್‌ಶಾಟ್ ಬಹುಮಾನ. 25 ವರ್ಷಗಳಲ್ಲಿ 10 ಲಕ್ಷ ಹೆಕ್ಟೇರ್ ಕಾಡನ್ನು ಉಳಿಸಿ ಬೆಳೆಸುವುದು ಅವರ ಗುರಿ.

ನನ್ನ ಪ್ರಶ್ನೆ ಇಷ್ಟೇ. ಗಿಡ ನೆಡುವ ಕಾರ್ಯಕ್ರಮಗಳು ಪ್ರಪಂಚದಲ್ಲಿ ಸಾವಿರ ಇವೆ. ಬಹಳಷ್ಟು ಎರಡನೇ ಬೇಸಿಗೆಗೇ ಒಣಗುತ್ತವೆ. ಇಲ್ಲಿ ಮಾತ್ರ 20 ವರ್ಷ ದಾಟಿ ನಡೆದದ್ದು ಹೇಗೆ? ಮತ್ತೆ, ಮರ ಬಂದರೆ ಹಕ್ಕಿ ಬಂದೇ ಬರುತ್ತದಾ?

ಕಟ್ಟೆಮಾತು

ಒಳ್ಳೆ ವಿಷಯ ಎತ್ತಿದ್ದೀರಿ. ಮೊದಲ ಪ್ರಶ್ನೆಗೆ ನನಗೆ ಕಂಡ ಉತ್ತರ ಹೇಳುತ್ತೇನೆ. ಆ ಕೆಲಸ ಶುರುವಾದದ್ದು ಸಸಿಯಿಂದ ಅಲ್ಲ, ಒಲೆಯಿಂದ.

4,000 ಮೀಟರ್ ಎತ್ತರದ ಊರಿನ ಒಂದು ಮನೆ ನೆನೆಸಿಕೊಳ್ಳಿ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಅಲ್ಲಿ ಆಲೂಗಡ್ಡೆ ಬೇಯಲೂ ಹೊತ್ತು ಹಿಡಿಯುತ್ತದೆ. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅಲ್ವಾ. ಸೌದೆ ಬೇಕೇ ಬೇಕು. ಹತ್ತಿರದಲ್ಲಿರುವ ಏಕೈಕ ಸೌದೆ ಕೆವುನ್ಯಾ. ಆ ಮನೆಯ ತಾಯಿಗೆ ಹೋಗಿ "ಈ ಮರ ಅಪರೂಪ, ಕಡಿಯಬೇಡಿ" ಅಂದರೆ ಆಕೆ ಏನು ಮಾಡಬೇಕು?

ಅದಕ್ಕೇ ಸಸಿಗಳ ಜೊತೆಗೆ ಕಡಿಮೆ ಸೌದೆ ತಿನ್ನುವ ಮಣ್ಣಿನ ಒಲೆ ಬಂತು, ಸೌರ ದೀಪ ಬಂತು. ವೈದ್ಯರು, ಹಲ್ಲಿನ ಡಾಕ್ಟರು ಊರಿಗೆ ಬಂದು ಹೋದರು. ಎಲ್ಲಕ್ಕಿಂತ ದೊಡ್ಡದು ಜಮೀನಿನ ಹಕ್ಕು. ಅಲ್ಲಿನ ಜಮೀನು ಊರಿಗೆ ಸೇರಿದ್ದು, ಒಬ್ಬೊಬ್ಬರ ಆಸ್ತಿಯಲ್ಲ. ದಾಖಲೆ ಸರಿ ಇಲ್ಲದಿದ್ದರೆ ಯಾರು ಯಾವಾಗ ಬಂದು ಕೇಳುತ್ತಾರೋ ಅನ್ನೋ ಭಯ. ಹಕ್ಕುಪತ್ರ ಗಟ್ಟಿ ಮಾಡಿಕೊಂಡ ಮೇಲೆ ಕೆಲವು ಊರುಗಳು ತಮ್ಮ ಕಾಡನ್ನೇ ಖಾಸಗಿ ಸಂರಕ್ಷಣಾ ಪ್ರದೇಶ ಅಂತ ಸರ್ಕಾರದಲ್ಲಿ ನೋಂದಾಯಿಸಿದವು. ಪೆರುವಿನ ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಜಮೀನು ಊರಿನ ಕೈಯಲ್ಲೇ ಉಳಿಯುತ್ತದೆ.

ಹೀಗೆ ಆದ ಮೇಲೆ ಗುಣಿ ತೋಡಿದವರಿಗೆ ಗೊತ್ತು: ಈ ಮರ ದೊಡ್ಡದಾದಾಗ ಇದರ ನೆರಳಲ್ಲಿ ನಿಲ್ಲುವವರು ನಮ್ಮ ಮಕ್ಕಳೇ.

ದುರ್ಬೀನು

ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಹಕ್ಕಿ ನೋಡುವ ಹುಚ್ಚು ಅಷ್ಟು ದೂರ ಎಳೆದುಕೊಂಡು ಹೋಯಿತು. ಒಯಾಂತಾಯ್‌ತಾಂಬೋ ಊರಿನಿಂದ ಮೇಲಕ್ಕೆ ಹೋಗುವ ರಸ್ತೆ 4,300 ಮೀಟರ್ ಎತ್ತರದ ಅಬ್ರಾ ಮಾಲಗಾ ಎಂಬ ಕಣಿವೆದಾರಿ ದಾಟುತ್ತದೆ. ಅಲ್ಲಿ ಇಳಿದು ನಡೆಯಬೇಕು. ಹತ್ತು ಹೆಜ್ಜೆಗೊಮ್ಮೆ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ.

ಸುತ್ತ ಎಲ್ಲ ಹಳದಿ ಹುಲ್ಲು. ಇದ್ದಕ್ಕಿದ್ದ ಹಾಗೆ ಒಂದು ಮಡಿಕೆಯಲ್ಲಿ ಕಪ್ಪು ಹಸಿರು ಚೂರು ಕಾಣಿಸಿತು. ಒಳಗೆ ಹೊಕ್ಕರೆ ಬೇರೆಯೇ ಲೋಕ. ಗಾಳಿ ನಿಂತು ಹೋಯಿತು. ಕಾಂಡದ ಮೇಲೆ, ಕಲ್ಲಿನ ಮೇಲೆ, ನೆಲದ ಮೇಲೆ ಎಲ್ಲೆಲ್ಲೂ ಪಾಚಿ. ಕೈ ಒತ್ತಿದರೆ ಮಣಿಕಟ್ಟಿನ ತನಕ ಒದ್ದೆ. ಹೊರಗೆ ಬಿಸಿಲು ಸುಡುತ್ತಿತ್ತು.

ಮೊದಲು ಹಕ್ಕಿ ಕಾಣಲಿಲ್ಲ, ಕೇಳಿಸಿತು. ಯಾರೋ ಹಳೆ ಕಾಗದ ಹರಿಯುವ ಹಾಗೆ ಪರಪರ ಸದ್ದು. ಜೈಂಟ್ ಕೋನ್‌ಬಿಲ್ ಎಂಬ ಹಕ್ಕಿ ತೊಗಟೆಯ ಪದರ ಎತ್ತಿ ಎತ್ತಿ ಹುಳ ಹುಡುಕುತ್ತಿತ್ತು. ಬೆನ್ನು ಬೂದು, ಹೊಟ್ಟೆ ಆ ತೊಗಟೆಯದೇ ಕೆಂಗಂದು, ಕೆನ್ನೆಯಲ್ಲಿ ಬಿಳಿ. ಅದರ ಬದುಕೇ ಆ ತೊಗಟೆ. ಬೇರೆ ಮರ ನೆಟ್ಟು "ಕಾಡು ಮಾಡಿದ್ದೇವೆ" ಅಂದರೆ ಈ ಹಕ್ಕಿಗೆ ಅದು ಕಾಡೇ ಅಲ್ಲ.

ವೈಟ್-ಬ್ರೌಡ್ ಟಿಟ್-ಸ್ಪೈನ್‌ಟೇಲ್ ಕೂಡ ಸಿಕ್ಕಿತು. ಪೆರು ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಪುಟ್ಟ ಹಕ್ಕಿ. ಆದರೆ ನಾನು ಹೋದದ್ದು ರಾಯಲ್ ಸಿಂಕ್ಲೋಡಿಸ್‌ಗಾಗಿ. ಅದು ಕಾಣಲಿಲ್ಲ. ಪೆರುವಿನ ಆಗ್ನೇಯ ಮೂಲೆ ಮತ್ತು ಪಕ್ಕದ ಬೊಲಿವಿಯಾದಲ್ಲಿ ಮಾತ್ರ ಇರುವ ಕಂದು ಹಕ್ಕಿ. ಮರಿ ಮಾಡುವ ವಯಸ್ಸಿಗೆ ಬಂದ ಹಕ್ಕಿಗಳ ಸಂಖ್ಯೆ 250ನ್ನೂ ಮುಟ್ಟುವುದಿಲ್ಲ ಎಂಬುದು ಹಕ್ಕಿಗಳ ಸಂರಕ್ಷಣೆಯ ಸಂಸ್ಥೆ ಬರ್ಡ್‌ಲೈಫ್‌ನ ಅಂದಾಜು. ನೆಲದ ಪಾಚಿಯನ್ನು ಕೊಕ್ಕಿನಿಂದ ಕಿತ್ತು, ಮಗುಚಿ, ಅಡಿಯಲ್ಲಿರುವ ಹುಳ ತಿನ್ನುತ್ತದೆ. ನಮ್ಮ ಜೊತೆಗಿದ್ದ ಊರಿನ ಹುಡುಗ ಒಂದು ಕಡೆ ಕೂತು ತೋರಿಸಿದ. ಪಾಚಿಯ ತುಂಡುಗಳು ಅಂಗೈ ಅಗಲಕ್ಕೆ ತಿರುಗಿ ಬಿದ್ದಿದ್ದವು. "ಬೆಳಿಗ್ಗೆ ಬಂದಿತ್ತು" ಅಂದ. ಆ ಮಗುಚಿದ ಪಾಚಿ ನೋಡಿಯೇ ನನಗೆ ಕಣ್ಣು ತುಂಬಿ ಬಂತು.

ಹಳೆಮಣ್ಣು

ದುರ್ಬೀನು ಅವರೇ, ಓದಿ ನನಗೂ ಅಲ್ಲಿಗೆ ಹೋದ ಹಾಗಾಯಿತು. ಆದರೂ ಒಂದು ತಕರಾರು ಇಡಬೇಕು. ಕೆಲಸದ ಮೇಲಲ್ಲ, "ಮತ್ತೆ ಬೆಳೆಸುವುದು" ಎಂಬ ಮಾತಿನ ಮೇಲೆ.

ಅಂಡೀಸ್‌ನ ಎತ್ತರದ ಹುಲ್ಲುಗಾವಲೆಲ್ಲ ಒಂದು ಕಾಲಕ್ಕೆ ಕೆವುನ್ಯಾ ಕಾಡಾಗಿತ್ತು, ಜನ ಅದನ್ನು ನಾಶ ಮಾಡಿದರು ಎಂಬ ವಾದ ಇದೆ. ಜರ್ಮನಿಯ ಸಸ್ಯವಿಜ್ಞಾನಿ ಹೈಂಜ್ ಎಲ್ಲನ್‌ಬರ್ಗ್ 1958ರಲ್ಲಿ ಹೀಗೆ ಬರೆದರು. ಅಲ್ಲಿಯವರೆಗೆ ಚೂರು ಕಾಡುಗಳಿಗೆ ಅಲ್ಲಲ್ಲಿನ ವಿಶೇಷ ಹವೆಯೇ ಕಾರಣ ಅಂದುಕೊಂಡಿದ್ದರು. ಹಾಗಾಗಿ ಅದು ದೊಡ್ಡ ಮಾತು.

ಆದರೆ ಆಮೇಲೆ ಕೆರೆಗಳ ತಳದ ಕೆಸರು ತೆಗೆದು, ಪದರ ಪದರವಾಗಿ ಹಳೆ ಪರಾಗ ಎಣಿಸಿದರು. ಟಿಟಿಕಾಕಾ ಸರೋವರದ ಕೆಸರು ಲಕ್ಷಾಂತರ ವರ್ಷಗಳ ಕಥೆ ಹೇಳುತ್ತದೆ. ಮನುಷ್ಯ ಆ ಬೆಟ್ಟಕ್ಕೆ ಕಾಲಿಡುವ ಎಷ್ಟೋ ಮೊದಲೇ ಈ ಕಾಡು ಹೆಚ್ಚಾಗಿದೆ, ಕಡಿಮೆಯಾಗಿದೆ. ಹವೆ ಮತ್ತು ಕಾಡ್ಗಿಚ್ಚು ಅದನ್ನು ಕುಣಿಸಿವೆ. ಇನ್ನೊಂದು ಕಷ್ಟ ಏನೆಂದರೆ ಇದರ ಪರಾಗ, ಇದೇ ಕುಟುಂಬದ ಅಕೇನಾ ಎಂಬ ಪುಟ್ಟ ಗಿಡದ ಪರಾಗದ ಹಾಗೇ ಇರುತ್ತದೆ. ಹಾಗಾಗಿ ಎಣಿಕೆಯನ್ನೂ ಹುಷಾರಾಗಿ ಓದಬೇಕು.

ಅಲ್ಲಿನ ಹುಲ್ಲುಗಾವಲಿಗೂ ತನ್ನದೇ ಜೀವ ಇದೆ. ಬೊಫೆದಾಲ್ ಅಂತ ಕರೆಯುವ ಎತ್ತರದ ಜೌಗುಗಳಲ್ಲಿ ಲಾಮಾ, ಅಲ್ಪಾಕಾ ಮೇಯುತ್ತವೆ. ಬೇರೆಯೇ ಹಕ್ಕಿಗಳು ಬಾಳುತ್ತವೆ. ಅಲ್ಲಿ ಸಸಿ ಇಟ್ಟರೆ ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆದುಕೊಳ್ಳುತ್ತೇವೆ. 10 ಲಕ್ಷ ಹೆಕ್ಟೇರ್ ಎಂಬ ಸಂಖ್ಯೆ ಕೇಳಿದಾಗ ನನಗೆ ಹುಟ್ಟುವ ಆತಂಕ ಇದೇ.

ಮುಗಿಲುಹಕ್ಕಿ

ಹಳೆಮಣ್ಣು ಸರ್, ನೀವು ಹೇಳಿದ್ದು ಸರಿ. ನಾನು ಮೊದಲ ಬರಹದಲ್ಲಿ ಹುಲ್ಲುಗಾವಲನ್ನು ಖಾಲಿ ಜಾಗದ ಹಾಗೆ ಬರೆದುಬಿಟ್ಟೆ. ಅದು ತಪ್ಪು.

ಒಂದು ಮಾತು ಸೇರಿಸುತ್ತೇನೆ. ಆ ಗುರಿಯಲ್ಲಿ ಹೊಸದಾಗಿ ನೆಡುವುದು ಮಾತ್ರ ಇಲ್ಲ, ಈಗ ಉಳಿದಿರುವ ಕಾಡನ್ನು ಕಾಯುವುದೂ ಇದೆ. ನೂರು ವರ್ಷದ ಕಾಡಿನ ಚೂರೊಂದು ಸುಟ್ಟು ಹೋದರೆ ಎಷ್ಟು ಸಸಿ ನೆಟ್ಟರೂ ಆ ಪಾಚಿ ನಮ್ಮ ಕಾಲಕ್ಕೆ ಬರಲ್ಲ. ಇರುವ ಚೂರಿನ ಅಂಚಿನಿಂದ ಹೊರಗೆ ಹೊರಗೆ ನೆಟ್ಟುಕೊಂಡು ಹೋದರೆ, ಎರಡು ಚೂರು ಒಂದು ದಿನ ಕೂಡಬಹುದು. ಹಕ್ಕಿಗೂ ಅದೇ ಬೇಕು. ಹುಲ್ಲುಗಾವಲಿನ ನಡುವೆ ಹೊಸ ತೋಪು ಮಾಡುವುದಕ್ಕಿಂತ ಇದು ವಾಸಿ ಅಂತ ನನಗನ್ನಿಸುತ್ತದೆ.

ಕಡ್ಡಿನಾಟಿ

ನರ್ಸರಿ ಕೆಲಸದ ಅನುಭವ ನನಗೆ ಸ್ವಲ್ಪ ಇದೆ. ಈ ಮರದ ವಿಷಯ ನೋಡಿ ತುಂಬಾ ಇಷ್ಟವಾಯಿತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕೆವುನ್ಯಾ ಬೀಜ ನಂಬುವ ಹಾಗಿಲ್ಲ. ಬಹಳಷ್ಟು ಜಾತಿಗಳಲ್ಲಿ ಬೀಜ ಜೊಳ್ಳು ಜಾಸ್ತಿ, ಮೊಳೆಯುವುದು ಕಡಿಮೆ. ಅದಕ್ಕೆ ಕಡ್ಡಿ ನೆಡುತ್ತಾರೆ. ಕೊಂಬೆಗಳಲ್ಲಿ ಆಗಲೇ ಬೇರಿನ ಮೊಗ್ಗು ಇರುವ ಕಡ್ಡಿ ಆರಿಸಿ, ನರ್ಸರಿಯ ಚೀಲದಲ್ಲಿಟ್ಟು, ಬೇರು ಬಿಟ್ಟ ಮೇಲೆ ಮಳೆಗಾಲಕ್ಕೆ ಬೆಟ್ಟಕ್ಕೆ ಒಯ್ಯುತ್ತಾರೆ. ಅಲ್ಲಿ ಮಳೆ ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಮಾರ್ಚ್. ಆ ಕೆಲವು ತಿಂಗಳಲ್ಲಿ ಸಸಿ ನೆಲ ಹಿಡಿಯಬೇಕು. ಆಮೇಲೆ ಬರುವುದು ಒಣ ಚಳಿ, ರಾತ್ರಿ ಹಿಮಗಾಳಿ.

ಕಡ್ಡಿ ನಾಟಿಯಲ್ಲಿ ಒಂದು ಅಪಾಯ ಇದೆ. ಒಂದೇ ಮರದ ಕಡ್ಡಿ ತೆಗೆದರೆ ಬೆಟ್ಟ ತುಂಬಾ ಒಂದೇ ಮರದ ನಕಲು. ಒಂದು ರೋಗ ಬಂದರೆ ಎಲ್ಲಕ್ಕೂ ಬಂತು. ಹಲವು ಮರ, ಹಲವು ಕಣಿವೆಗಳಿಂದ ತೆಗೆಯಬೇಕು. ಅದು ನಡಿಗೆಯ ಕೆಲಸ, ಆದರೆ ಬಿಡುವ ಹಾಗಿಲ್ಲ.

ಇನ್ನೊಂದು ತಪ್ಪು ನಿಜವಾಗಿ ಆಗಿಹೋಗಿದೆ. ಈಕ್ವೆಡಾರ್‌ನಲ್ಲಿ "ಸ್ಥಳೀಯ ಮರ" ಅಂತ ಎಷ್ಟೋ ಕಡೆ ನೆಟ್ಟದ್ದು ಪಾಲಿಲೆಪಿಸ್ ರೆಸಿಮೋಸಾ. ಅದು ಪೆರುವಿನದು, ಈಕ್ವೆಡಾರ್‌ನದಲ್ಲ. ಬೇಗ ಬೇರು ಬಿಡುತ್ತದೆ ಅಂತ ತಂದರು. ಪಾಲಿಲೆಪಿಸ್ ಹೂವಿಗೆ ದುಂಬಿ ಬೇಡ, ಗಾಳಿಯೇ ಪರಾಗ ಹೊತ್ತೊಯ್ಯುತ್ತದೆ. ಹಾಗಾಗಿ ಹೊರಗಿನ ಮರ ಪಕ್ಕದ ಕಾಡಿನ ಮರದ ಜೊತೆ ಸುಲಭವಾಗಿ ಬೆರೆಯುತ್ತದೆ. ಕುಲದ ಹೆಸರು ಒಂದೇ ಅಂತ ಸುಮ್ನೆ ಇರುವ ಹಾಗಿಲ್ಲ. ಆ ಕಣಿವೆಗೆ ಆ ಕಣಿವೆಯದೇ ಜಾತಿ ಬೇಕು.

ಬೇಲಿಯ ಮಾತು ಯಾರೂ ಆಡಲಿಲ್ಲ. ಕುರಿ, ದನ ಚಿಗುರನ್ನು ಮೊದಲು ತಿನ್ನುತ್ತವೆ. ಎರಡು ಮೂರು ವರ್ಷ ಅವು ಒಳಗೆ ಬರದ ಹಾಗೆ ನೋಡಿಕೊಂಡರೆ ಅರ್ಧ ಗೆದ್ದ ಹಾಗೆ. ಆದರೆ ಮೇವಿನ ಜಾಗ ಕಮ್ಮಿಯಾಗುವುದು ಊರಿನವರಿಗೇ. ಎಲ್ಲಿ ಬೇಲಿ, ಎಲ್ಲಿ ಮೇವು ಅಂತ ಊರಿನ ಸಭೆಯೇ ತೀರ್ಮಾನ ಮಾಡಬೇಕು. ಹೊರಗಿನಿಂದ ಬಂದವರು ಹಾಕಿದ ಬೇಲಿಯ ತಂತಿ ಮೊದಲ ವರ್ಷವೇ ಮಾಯವಾಗುತ್ತದೆ. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಹಾಗೇ ಆಯಿತು. ಸಸಿ ಒಂದೂ ಉಳಿಯಲಿಲ್ಲ. ತಪ್ಪು ತಂತಿ ಕಿತ್ತವರದ್ದಲ್ಲ, ಅವರನ್ನು ಕೇಳದ ನಮ್ಮದು.

ಒರತೆ

ನೀರಿನ ಬಗ್ಗೆ ಎರಡು ಮಾತು.

ಅಲ್ಲಿನ ಊರಿನವರನ್ನು "ಈ ಮರ ಯಾಕೆ" ಅಂತ ಕೇಳಿದರೆ ಬಹಳ ಜನ ಮೊದಲು ಹೇಳುವುದು ನೀರು. ಪೆರುವಿನಲ್ಲಿ 1962ರಿಂದ ಈಚೆಗೆ ಹಿಮನದಿಗಳ ಅರ್ಧಕ್ಕಿಂತ ಜಾಸ್ತಿ ಭಾಗ ಕರಗಿ ಹೋಗಿದೆ. ಒಣ ತಿಂಗಳಲ್ಲಿ ಹೊಳೆಗೆ ನೀರು ಕೊಡುತ್ತಿದ್ದದ್ದು ಆ ಹಿಮ. ಕೆವುನ್ಯಾ ಕಾಡಿನ ಪಾಚಿ ಮಂಜಿನಿಂದ ಹನಿ ಹಿಡಿಯುತ್ತದೆ, ಅಡಿಯ ಕಪ್ಪು ಮಣ್ಣು ಅದನ್ನು ಸ್ಪಂಜಿನ ಹಾಗೆ ಇಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಹನಿಹನಿಗೂಡಿದರೆ ಹಳ್ಳ ಅನ್ನುವ ನಮ್ಮ ಗಾದೆ ಆ ಕಾಡಿನಲ್ಲಿ ಅಕ್ಷರಶಃ ನಿಜ. ಪೂರ್ವಕ್ಕೆ ಇಳಿಯುವ ಆ ಹಳ್ಳಗಳೇ ಮುಂದೆ ಅಮೆಜಾನ್ ಸೇರುತ್ತವೆ.

ಆದರೆ ಮರ ನೆಟ್ಟರೆ ನೀರು ಹೆಚ್ಚುತ್ತದೆ ಅಂತ ಸಾರಾಸಗಟಾಗಿ ಹೇಳಬಾರದು. ಮರವೂ ನೀರು ಕುಡಿಯುತ್ತದೆ. ಈಕ್ವೆಡಾರ್‌ನ ಪಾರಮೋ ಹುಲ್ಲುಗಾವಲುಗಳಲ್ಲಿ ಪೈನ್ ನೆಟ್ಟರು. ಮಣ್ಣು ಒಣಗಿತು, ಹೊಳೆಯ ನೀರು ಇಳಿಯಿತು. ಅಂಡೀಸ್‌ಗೆ 19ನೇ ಶತಮಾನದಲ್ಲಿ ಬಂದ ನೀಲಗಿರಿ ಮರವೂ ಹಾಗೇ, ಬೇಗ ಬೆಳೆದು ಬೇಗ ಕುಡಿಯುವ ಮರ. ಕೆವುನ್ಯಾ ನಿಧಾನಕ್ಕೆ ಬೆಳೆಯುತ್ತದೆ, ಹಾಗಾಗಿ ಅದರ ಬಾಯಾರಿಕೆಯೂ ಬೇರೆ. ನೀರು ಎಷ್ಟು ಬಂತು ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ಬಂತು ಎನ್ನುವುದೇ ಊರಿಗೆ ಮುಖ್ಯ.

ಎಳೆಬಿಸಿಲು

ನಾನು ಹೊಸಬಳು, ತಪ್ಪಿದ್ದರೆ ತಿದ್ದಿ. ಮುಗಿಲುಹಕ್ಕಿ ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ? ನೆಟ್ಟ ಕಾಡಿಗೆ ಹಕ್ಕಿ ಬರಲು ಎಷ್ಟು ವರ್ಷ ಬೇಕು?

ದುರ್ಬೀನು

ಎಳೆಬಿಸಿಲು ಅವರೇ, ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದೀರಿ. ಒಂದೇ ಉತ್ತರ ಇಲ್ಲ. ಯಾವ ಹಕ್ಕಿ ಅನ್ನೋದರ ಮೇಲೆ ಹೋಗುತ್ತದೆ.

ಇನ್ನೊಂದು ಬೆಟ್ಟದ ಉದಾಹರಣೆ ಕೊಡುತ್ತೇನೆ. ಹವಾಯಿಯ ಮೌನಾ ಕೇಯಾ ಬೆಟ್ಟದ ಇಳಿಜಾರಿನಲ್ಲಿ ಹಕಲಾವ್ ಎಂಬ ಕಾಡು ಇದೆ. 1985ರಲ್ಲಿ ಅಳಿವಿನಂಚಿನ ಕಾಡುಹಕ್ಕಿಗಳಿಗೆಂದೇ ಅದನ್ನು ಮೀಸಲಿಟ್ಟರು. ಮೇಲ್ಭಾಗ ದನ ಮೇಯ್ದು ಬರೀ ಹುಲ್ಲಾಗಿತ್ತು. ದನ, ಹಂದಿ ಹೊರಗೆ ಹಾಕಿ ಬೇಲಿ ಹಾಕಿದರು. ವಾರಾಂತ್ಯಗಳಲ್ಲಿ ಸ್ವಯಂಸೇವಕರು ಬಂದು ಕೋವಾ ಎಂಬ ಸ್ಥಳೀಯ ಮರ ನೆಟ್ಟರು. ಕೋವಾ ಬೇಗ ಬೆಳೆಯುತ್ತದೆ. ಅದರ ನೆರಳಲ್ಲಿ ಆಮೇಲೆ ಬೇರೆ ಗಿಡ ಇಟ್ಟರು. ಈಗ ನೆಟ್ಟ ಗಿಡಗಳು ಐದು ಲಕ್ಷ ದಾಟಿವೆ.

ಎಳೆ ಕೋವಾಕ್ಕೆ ಅಮಾಕಿಹಿಯಂಥ ಹಕ್ಕಿಗಳು ಬೇಗ ಬಂದವು. ಹುಳ ಸಿಕ್ಕರೆ ಸಾಕು ಅನ್ನುವ ಹಕ್ಕಿಗಳವು. ಆದರೆ ಆಕೇಪಾ ಎಂಬ ಹಕ್ಕಿ ಹಳೆ ಮರದ ಪೊಟರೆಯಲ್ಲೇ ಗೂಡು ಮಾಡುತ್ತದೆ. 30 ವರ್ಷದ ಮರದಲ್ಲಿ ಪೊಟರೆ ಎಲ್ಲಿಂದ ಬರಬೇಕು? ಅದು ಎಳೆ ಕಾಡಲ್ಲಿ ಮೇಯ್ದರೂ ಮರಿ ಮಾಡಲು ಹಳೆ ಕಾಡಿಗೇ ಹೋಗಬೇಕು.

ಅಂಡೀಸ್‌ನಲ್ಲೂ ಇದೇ ಲೆಕ್ಕ ಅಂತ ನನ್ನ ಅನಿಸಿಕೆ. ಕೋನ್‌ಬಿಲ್‌ಗೆ ತೊಗಟೆ ದಪ್ಪವಾಗಿ ಸುಲಿಯಬೇಕು. ಸಿಂಕ್ಲೋಡಿಸ್‌ಗೆ ನೆಲದ ಪಾಚಿ ಕೂಡಬೇಕು, ಅದಕ್ಕೆ ಮೊದಲು ನೆರಳು ಕೂಡಬೇಕು. ಕೆವುನ್ಯಾ ವರ್ಷಕ್ಕೆ ಬೆಳೆಯುವುದೇ ಸ್ವಲ್ಪ. ಇವತ್ತು ನೆಟ್ಟ ಸಸಿ ಸಿಂಕ್ಲೋಡಿಸ್‌ನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ. ಅಲ್ಲಿಯವರೆಗೆ ಅದನ್ನು ಉಳಿಸುವುದು ಆ ಹಳೆ ಚೂರುಗಳು. ಮುಗಿಲುಹಕ್ಕಿ ಹೇಳಿದ ಅಂಚಿನ ನಾಟಿ ಅದಕ್ಕೇ ಮುಖ್ಯ.

ಕಟ್ಟೆಮಾತು

ನಾಟಿಯ ದಿನದ ಬಗ್ಗೆ ಹೇಳದೆ ಇದ್ದರೆ ಮನಸ್ಸು ಕೇಳಲ್ಲ. ಅಲ್ಲಿ ಅದಕ್ಕೆ ಕೆವುನ್ಯಾ ರೈಮಿ ಅನ್ನುತ್ತಾರೆ. ರೈಮಿ ಅಂದರೆ ಕೆಚುವಾದಲ್ಲಿ ಹಬ್ಬ. ಬಣ್ಣಬಣ್ಣದ ಬಟ್ಟೆಯಲ್ಲಿ ಸಸಿ ಕಟ್ಟಿ, ಮಗುವನ್ನು ಹೊರುವ ಹಾಗೆ ಬೆನ್ನಿಗೆ ಹೊತ್ತು ಇಡೀ ಊರು ಬೆಟ್ಟ ಹತ್ತುತ್ತದೆ. ಅಜ್ಜಿಯರು, ಶಾಲೆಯ ಮಕ್ಕಳು, ಎಲ್ಲರೂ. ಶಂಖ ಊದುತ್ತಾರೆ. ಒಂದೇ ದಿನಕ್ಕೆ ಸಾವಿರಾರು ಸಸಿ ನೆಲ ಸೇರುತ್ತವೆ. ಎಕೋಆನ್ ಹೀಗೆ 2022ರ ಹೊತ್ತಿಗೆ ಪೆರುವಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಮರ ನೆಡಿಸಿತ್ತು.

ಇದರ ಹಿಂದೆ ಎರಡು ಹಳೆ ಪದಗಳಿವೆ. ಐನಿ, ಮಿಂಕಾ. ಐನಿ ಅಂದರೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಮ್ಮ ಮುಯ್ಯಾಳು ಇದ್ದ ಹಾಗೆ. ಮಿಂಕಾ ಅಂದರೆ ಊರಿನ ಕೆಲಸಕ್ಕೆ ಮನೆಗೊಬ್ಬರು ಬರುವುದು. ಕಾಲುವೆ ಹೂಳೆತ್ತುವುದು, ದಾರಿ ಸರಿ ಮಾಡುವುದು ಎಲ್ಲ ಹೀಗೇ. ಔಕ್ಕಾ ಮತ್ತು ಅವರ ಜೊತೆಗಾರರು ಹೊಸ ಸಂಘಟನೆ ಕಟ್ಟಲು ಹೋಗಲಿಲ್ಲ. ಇದ್ದ ಮಿಂಕಾಕ್ಕೆ ಒಂದು ಕೆಲಸ ಸೇರಿಸಿದರು. ಕಡ್ಡಿನಾಟಿ ಅವರು ಹೇಳಿದ ತಂತಿ ಅಲ್ಲಿ ಮಾಯವಾಗದೆ ಇರಲು ಕಾರಣ ಇದೇ ಅಂತ ನನ್ನ ನಂಬಿಕೆ. ನೆರೆಮನೆಯವರ ಮುಯ್ಯಿ ಯಾರೂ ಮುರಿಯಲ್ಲ.

ಹಳೆಮಣ್ಣು

ಮುಯ್ಯಿಯ ಹೋಲಿಕೆ ಮನಸ್ಸಿಗೆ ತಟ್ಟಿತು. ಆದರೆ ಊರಿನ ಸಭೆಯಲ್ಲೂ ಎಲ್ಲರ ದನಿ ಒಂದೇ ತೂಕದ್ದಲ್ಲ. ಕುರಿ ಜಾಸ್ತಿ ಇರುವವನು, ಕಡಿಮೆ ಇರುವವನು ಇದ್ದೇ ಇರುತ್ತಾರೆ. ಮೇವಿನ ಜಾಗ ಬಿಟ್ಟುಕೊಡುವುದು ಬಡವರ ಪಾಲಿಗೆ ಬರದ ಹಾಗೆ ನೋಡಿಕೊಳ್ಳಬೇಕು. ಹಬ್ಬದ ಫೋಟೋದಲ್ಲಿ ಅದು ಕಾಣಿಸುವುದಿಲ್ಲ. ಹತ್ತು ವರ್ಷ ಆದ ಮೇಲೆ ಯಾವ ಸಸಿ ನಿಂತಿದೆ, ಯಾವುದು ಇಲ್ಲ ಅಂತ ನೋಡಿದರೆ ಕಾಣಿಸುತ್ತದೆ.

ಮುಗಿಲುಹಕ್ಕಿ

ಎಲ್ಲರಿಗೂ ಥ್ಯಾಂಕ್ಸ್. ಮರ ಎಣಿಸಿಕೊಂಡು ಬಂದಿದ್ದೆ. ಈಗ ಒಲೆ, ಹಕ್ಕುಪತ್ರ, ಬೇಲಿ, ಕಡ್ಡಿ ತಂದ ಕಣಿವೆಯ ಹೆಸರು, ಇವೆಲ್ಲ ಕೇಳಬೇಕು ಅನ್ನಿಸುತ್ತಿದೆ. ಹಳೆಮಣ್ಣು ಸರ್ ಹೇಳಿದ ಹತ್ತು ವರ್ಷದ ಎಣಿಕೆಯನ್ನೂ.

ದುರ್ಬೀನು ಅವರೇ, ಒಂದು ಕೇಳಬಹುದಾ? ಆ ಹುಡುಗ ತೋರಿಸಿದ ಪಾಚಿ ಇದ್ದದ್ದು ಹಳೆ ಕಾಡಿನ ಒಳಗಾ, ಅಂಚಿನಲ್ಲಾ?

ದುರ್ಬೀನು

ಒಳಗೆ, ದೊಡ್ಡ ಬಂಡೆಯೊಂದರ ನೆರಳಲ್ಲಿ. ಅಂಚಿನ ಆಚೆ ಆಗಷ್ಟೇ ನೆಟ್ಟ ಸಸಿಗಳಿದ್ದವು, ಮೊಣಕಾಲೆತ್ತರ. ಸುತ್ತ ಕಲ್ಲು ಜೋಡಿಸಿದ್ದರು, ಗಾಳಿಗೆ ಅಡ್ಡ. ಹುಡುಗ ಇಳಿಯುವಾಗ ಬಾಗಿ, ಒಂದು ಕಡೆ ಜಾರಿದ್ದ ಕಲ್ಲನ್ನು ಮತ್ತೆ ಅದರ ಜಾಗಕ್ಕೆ ಇಟ್ಟ. ಆಮೇಲೆ ಮಾತಾಡುತ್ತಾ ಮುಂದೆ ಹೋದ.